ಕಣ್ಣು ಮುಚ್ಚಿ ನೋಡುವ ಪೇಟೆಂಟ್ ವಕೀಲರು

ನಜರ್‌ಬಾದಿನ ಪೇಟೆಂಟ್ ವಕೀಲ ವರದರಾಜಯ್ಯನವರು ಯಾರ ನಕ್ಷೆಯನ್ನೂ ಮೊದಲು ನೋಡುತ್ತಿರಲಿಲ್ಲ. ಹೊಸ ಯಂತ್ರ ಕಂಡುಹಿಡಿದವರು ಬಂದರೆ ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿ, “ನಿಧಾನವಾಗಿ ಓಡಿಸಿ, ನೋಡೋಣ” ಎನ್ನುವರು. ಬಂದವರು ವಿವರಿಸುತ್ತಿದ್ದಂತೆ ಇವರ ತಲೆಯೊಳಗೆ ಚಕ್ರ ತಿರುಗಬೇಕು, ನೀರು ಮೇಲೇರಬೇಕು. ಅಲ್ಲಿ ಓಡದ ಯಂತ್ರಕ್ಕೆ ಅರ್ಜಿ ಬರೆಯುತ್ತಿರಲಿಲ್ಲ. ನೂಲು ಸುತ್ತುವ ಯಂತ್ರವೊಂದು ಹೀಗೆ ಓಡುತ್ತಿದ್ದಾಗ, ಕಾಫಿ ತಂದ ಹೆಂಡತಿ ಅಲಮೇಲುವಿಗೆ, “ಸೆರಗು ಹುಷಾರು ಕಣೇ, ಸಿಕ್ಕಿಕೊಂಡೀತು” ಎಂದಿದ್ದರು. ಒಂದು ಸಂಜೆ ಅಶೋಕಪುರಂನ ದೇವಿರಮ್ಮ ತಾವು ಕಟ್ಟಿದ ಹೊಗೆಯಿಲ್ಲದ ಒಲೆಗೆ ಪೇಟೆಂಟ್ ಕೇಳಲು ಬಂದು, ಬೆಂಕಿ ಹತ್ತುವ ಬಗೆ, ಹೊಗೆ ಕೊಳವೆಗೆ ತಿರುಗುವ ಬಗೆ ಹೇಳುತ್ತ ಹೋದರು. ವಕೀಲರ ಮುಚ್ಚಿದ ಕಣ್ಣಿಂದ ನೀರಿಳಿಯಿತು. “ಯಾಕ್ ಸ್ವಾಮಿ, ಒಲೆ ಹೊಗೆಯಾಡ್ತಾ ಐತಾ?” ಎಂದು ದೇವಿರಮ್ಮ ಅಳುಕುತ್ತ ಕೇಳಿದರು. “ಇಲ್ಲ ಕಣಮ್ಮ, ಚೆನ್ನಾಗಿ ಉರೀತಿದೆ. ಹೊಗೆ ಕುಡಿದೇ ತೀರಿಹೋದ ನಮ್ಮಮ್ಮ ಕೆಮ್ಮದೆ ಅಡುಗೆ ಮಾಡ್ತಿದ್ದಾರೆ. ಅರ್ಜಿ ಬರೆಯೋಣ, ಸ್ವಲ್ಪ ಹೊತ್ತು ಒಲೆ ಆರಿಸಬೇಡಿ” ಎಂದರು.