ಮುತ್ತಜ್ಜಿಯ ಸೀರೆ

ವೃದ್ಧಾಪ್ಯದ ಬಗ್ಗೆ ಎಂ.ಎ. ಓದುತ್ತೇನೆ ಎಂದಾಗ ಬಸವೇಶ್ವರನಗರದ ನಮ್ಮ ಬೀದಿಯೇ ನಕ್ಕಿತು. ಮುದುಕರನ್ನು ನೋಡಿಕೊಳ್ಳಲೂ ಡಿಗ್ರಿ ಬೇಕಾ ಎಂದು ಎದುರು ಮನೆಯ ಆಂಟಿ ಕೇಳಿದರು. ಅವರ ಅತ್ತೆ ಮಹಡಿಯ ರೂಮಿನಲ್ಲಿ ಕೂಗುತ್ತಿದ್ದರೆ ಈಕೆ ಟಿ.ವಿ. ಸದ್ದು ಹೆಚ್ಚು ಮಾಡುತ್ತಿದ್ದರು. ನಿಮ್ಮಂಥವರಿಗೇ ಬೇಕು ಎಂಬ ಮಾತು ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ. ಅಪ್ಪ ನಗಲಿಲ್ಲ, ಆದರೆ ಅವರಿಗೂ ಇದು ಕೆಲಸಕ್ಕೆ ಬಾರದ ಓದೇ. ಮೈಸೂರು ರಸ್ತೆಗೆ ಮೆಟ್ರೊ ಬರುವ ಸುದ್ದಿಯೂ ಇರದ ಕಾಲ ಅದು.

ಮೊದಲ ವರ್ಷವೇ ಮೇಡಂ ಒಂದು ಅಭ್ಯಾಸ ಕೊಟ್ಟರು. ಎಲ್ಲರೂ ಒಂದು ದಿನ ಮುದುಕರಾಗಿ ಕಳೆಯಬೇಕು. ಕನ್ನಡಕದ ಗಾಜಿಗೆ ವ್ಯಾಸಲೀನ್, ಕಿವಿಗೆ ಹತ್ತಿ, ಮೊಣಕಾಲಿಗೆ ಬಿಗಿಯಾಗಿ ಬ್ಯಾಂಡೇಜು, ಸಾಕ್ಸಿನೊಳಗೆ ಒಂದು ಹಿಡಿ ಕಡಲೆಬೇಳೆ. ಉಡುಪೂ ಹಿರಿಯರದ್ದೇ ಇರಲಿ ಎಂದಿದ್ದರು. ನಾನು ಮನೆಯ ಟ್ರಂಕಿನ ತಳದಿಂದ ಕಂದು ಬಣ್ಣದ ಹಳೆಯ ಕೈಮಗ್ಗದ ಸೀರೆ ತೆಗೆದು ಉಟ್ಟೆ, ತಲೆಗೆ ಪೌಡರ್ ಬಳಿದುಕೊಂಡೆ. ವಿಜಯನಗರದ ಮಾರ್ಕೆಟ್ಟಿನಲ್ಲಿ ತರಕಾರಿ ಕೊಂಡು ಹೊಸಹಳ್ಳಿಯವರೆಗೆ ನಡೆಯುವಷ್ಟರಲ್ಲಿ ಅಳು ಬಂತು. ಜನ ನನ್ನ ಮೈಮೇಲೇ ಬಂದು, ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಅಲ್ಲಿ ಇದ್ದೇನೋ ಇಲ್ಲವೋ ಎಂದು ನನಗೇ ಅನುಮಾನವಾಯಿತು.

ಸಂಜೆ ಅದೇ ವೇಷದಲ್ಲಿ ಕುಂಟುತ್ತಾ ಮನೆಗೆ ಬಂದೆ. ಅಜ್ಜಿ, ಅಂದರೆ ಅಪ್ಪನ ತಾಯಿ, ತನ್ನ ರೂಮಿನ ಮಂಚದ ಮೇಲೆ ಕೂತಿದ್ದಳು. ಮರೆವಿನ ಕಾಯಿಲೆ ಬಂದು ನಮ್ಮೆಲ್ಲರನ್ನೂ ಮರೆತಿದ್ದವಳು, ನನ್ನನ್ನು ಕಂಡದ್ದೇ ಎದ್ದು ನಿಂತಳು.

"ಅಮ್ಮಾ, ಬಂದ್ಯಾ? ಕರ್ಕೊಂಡು ಹೋಗೋಕೆ ಬಂದ್ಯಾ?"

ಆ ಸೀರೆ ಅಜ್ಜಿಯ ತಾಯಿಯದು ಎಂದು ಅಪ್ಪ ಹೇಳಿದ್ದು ಆಮೇಲೆ. ಆಕೆ ಸತ್ತಾಗ ಅಪ್ಪ ಇನ್ನೂ ಸಣ್ಣ ಹುಡುಗನಂತೆ. ಹೋದವರು ಬಂದು ಕರೆದರೆ ಹೋಗಲೇಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಅಜ್ಜಿ ಮರುದಿನ ಬೆಳಿಗ್ಗೆ ಸ್ನಾನ ಮಾಡಿಸಿಕೊಂಡು, ಒಳ್ಳೆಯ ಸೀರೆ ಉಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಳು. ಊಟ ಬೇಡ ಅಂದಳು. ಅವಳಿಗೆ ಮೊದಲಿಂದಲೂ ಬಸ್ಸೆಂದರೆ ವಾಂತಿ, ಪ್ರಯಾಣಕ್ಕೆ ಮುಂಚೆ ಏನೂ ತಿನ್ನುತ್ತಿರಲಿಲ್ಲ. ಅದರ ಮಾರನೆಯ ದಿನವೂ ತಿನ್ನಲಿಲ್ಲ, ನೀರನ್ನೂ ದೂಡಿದಳು. ಹೀಗೇ ಆದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಹೋದರು. ಅಪ್ಪ ನನ್ನ ಜೊತೆ ಮಾತು ಬಿಟ್ಟರು. ನನಗೆ ಅಜ್ಜಿಯ ರೂಮಿನ ಮುಂದೆ ಹಾಯುವುದಕ್ಕೇ ಭಯ.

ಕಾಲೇಜಿಗೆ ಹೋಗಿ ಮೇಡಂ ಮುಂದೆ ಅತ್ತುಬಿಟ್ಟೆ. ನೀನು ಅವರ ತಾಯಿ ಅಲ್ಲ ಎಂದು ವಾದ ಮಾಡಬೇಡ, ಅವರು ಇರುವ ಕಾಲಕ್ಕೆ ನೀನೇ ಹೋಗು, ಹೋಗೋಕೆ ಭಯವಾ ಎಂದು ಕೇಳು ಅಂದರು. ಅಪ್ಪ ಈ ನಾಟಕ ಸಾಕು ಎಂದು ಗದರಿದರೂ ಕೇಳದೆ ಮತ್ತೆ ಆ ಸೀರೆ ಉಟ್ಟು ಒಳಗೆ ಹೋದೆ. ಭಯವಾ ಎಂದು ಕೇಳಿದೆ. ನೀನಿರುವಾಗ ಎಂಥ ಭಯ ಎಂದು ಅಜ್ಜಿ ನಕ್ಕಳು, ನನ್ನ ಸೆರಗು ಹಿಡಿದುಕೊಂಡಳು. ಆಗ ಯಾರೂ ಹೇಳಿಕೊಡದ ಮಾತು ನನ್ನ ಬಾಯಿಂದ ಬಂತು. ಆ ದನಿಯೂ ನನ್ನದು ಅನ್ನಿಸಲಿಲ್ಲ.

"ಇವತ್ತು ಬೇಡ ಕಣೇ. ನೀನು ಕರೆದಾಗ ಬರ್ತೀನಿ. ಈಗ ಊಟ ಮಾಡು."

ಅಜ್ಜಿ ಸಾರನ್ನ ಉಂಡಳು. ಅಮ್ಮ ಸೀರೆಯನ್ನು ಮಡಿಸಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

ಓದು ಮುಗಿದು ಕೆಂಗೇರಿ ಉಪನಗರದ ವೃದ್ಧಾಶ್ರಮವೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಆಂಟಿಯ ಬಾಯಿ ಮುಚ್ಚಿತು. ಸೊಂಟ ಉಳುಕದಂತೆ ಮುದುಕರನ್ನು ಎಬ್ಬಿಸುವುದು, ಮಾತಿಲ್ಲದವರ ನೋವನ್ನು ಮುಖದಲ್ಲಿ ಓದುವುದು, ಅವರ ಚಿಕಿತ್ಸೆಗೆ ಒಪ್ಪದ ಮಕ್ಕಳನ್ನು ಒಪ್ಪಿಸುವುದು, ಎಲ್ಲ ಆ ಓದಿನಿಂದಲೇ ಬಂದದ್ದು. ಆದರೆ ಮನೆಯಲ್ಲಿ ಮಾತ್ರ ನಾನು ಅಜ್ಜಿಯ ಕರೆಗೆ ಹೆದರಿಕೊಂಡೇ ಬದುಕುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವಳು ಕರೆದಳು. "ಅಮ್ಮಾ, ಈಗ ಬಾ."

ಉಸಿರು ಎಳೆಯುತ್ತಿತ್ತು. ಅಪ್ಪ, ಅಮ್ಮ ತಲೆದೆಸೆಯಲ್ಲಿ ನಿಂತಿದ್ದರು. ಈ ಸಲ ಅಪ್ಪನೇ ಟ್ರಂಕಿನ ಬೀಗ ತೆಗೆದು ಸೀರೆಯನ್ನು ನನ್ನ ಕೈಗಿಟ್ಟರು. ಬೇಡ ಅನ್ನಬೇಕೆನಿಸಿತು, ಆದರೆ ಕೊಟ್ಟ ಮಾತು. ಚೂಡಿದಾರದ ಮೇಲೆಯೇ ಸುತ್ತಿಕೊಂಡು, ಬಾಗಿಲಿಗೆ ಬೆನ್ನು ಹಾಕಿ ಮಂಚದ ಪಕ್ಕ ಕೂತು ಅವಳ ಕೈ ಹಿಡಿದೆ. ಬಂದೆ ಕಣೇ ಅಂದೆ.

ಅಜ್ಜಿ ಕಣ್ಣು ಬಿಟ್ಟು ನನ್ನನ್ನು ನೋಡಿದಳು. ವರ್ಷಗಳಿಂದ ಇಲ್ಲದ ತಿಳಿ ಆ ಕಣ್ಣಿನಲ್ಲಿತ್ತು.

"ನೀನು ನನ್ನ ಮೊಮ್ಮಗಳಲ್ವಾ? ಸ್ವಲ್ಪ ಆ ಕಡೆ ಸರ್ಕೋ ಮಗಳೇ. ನಿನ್ನ ಹಿಂದೆ ನಮ್ಮಮ್ಮ ನಿಂತಿದಾಳೆ."

ನಾನು ಸರಿದೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬಾಗಿಲಿನಿಂದ ಮಂಚಕ್ಕೆ ಬರುವ ದಾರಿಗೆ ಅಡ್ಡವಾಗಿ ಒಂದು ಸ್ಟೂಲ್ ಇತ್ತು. ಅಪ್ಪ ಹೋಗಿ ಅದನ್ನು ಎತ್ತಿ, ಸದ್ದಾಗದಂತೆ ಗೋಡೆಯ ಪಕ್ಕಕ್ಕಿಟ್ಟರು.