ಕೆಂಪರಾಜು ಬಿಡದ ಜನರೇಟರ್

ಕೆಂಪರಾಜುವಿನ ಬಗ್ಗೆ ಒಳ್ಳೆಯ ಮಾತಾಡುವವರು ರಾಮನಗರದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಅವರಲ್ಲಿ ಒಬ್ಬನಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಅವನದು ಜನರೇಟರ್ ರಿಪೇರಿ ಅಂಗಡಿ. ಅದಕ್ಕೆ ಅಂಟಿಕೊಂಡೇ ನನ್ನ ಮೋಟರ್ ವೈಂಡಿಂಗ್ ಅಂಗಡಿ. ಅವನು ಸರಿಮಾಡಿದ ಜನರೇಟರಿಗೆ ಸಿಕ್ಕಿ ಸುಟ್ಟುಹೋದ ಮೋಟರುಗಳು ನೇರವಾಗಿ ನನ್ನ ಬಾಗಿಲಿಗೆ ಬರುತ್ತಿದ್ದವು. ಹಾಗಾಗಿ ಅವನ ಕೆಲಸದ ಯೋಗ್ಯತೆ ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ಅವನಿಂದಲೇ ನನ್ನ ಅಂಗಡಿ ನಡೆಯಿತು ಎಂದು ಕೆಲವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಹೊಟ್ಟೆಗೆ ದಾರಿ ಮಾಡಿದವರನ್ನೆಲ್ಲ ಗೌರವಿಸಬೇಕೆಂದು ಎಲ್ಲೂ ಬರೆದಿಲ್ಲ.

ಅವನ ಊರು ಮರಳವಾಡಿ ಹತ್ತಿರದ ಒಂದು ಹಳ್ಳಿ. ಓದು ಹತ್ತಲಿಲ್ಲ, ಹೊಲದ ಕೆಲಸ ಬೇಡವಾಯಿತು, ರಾಮನಗರಕ್ಕೆ ಬಂದು ಆಯಿಲ್ ಎಂಜಿನ್ ಅಂಗಡಿಯೊಂದರಲ್ಲಿ ಸೇರಿಕೊಂಡ. ಅಲ್ಲಿ ಅರ್ಧ ಕಲಿತ. ಇನ್ನರ್ಧ ಕಲಿಯುವ ಮೊದಲೇ ಲೋಡ್ ಶೆಡ್ಡಿಂಗ್ ಕಾಲ ಬಂತು. ಗೂಡಿನಿಂದ ರೇಷ್ಮೆ ತೆಗೆಯುವ ನೂಲು ಬಿಚ್ಚಾಣಿಕೆಯವರಿಗೆ, ಮದುವೆ ಮನೆಗಳಿಗೆ, ಎಲ್ಲರಿಗೂ ಜನರೇಟರ್ ಬೇಕಾಯಿತು. ಸ್ಪ್ಯಾನರ್ ಹಿಡಿಯಲು ಬಂದವನೆಲ್ಲ ಎಂಜಿನಿಯರ್ ಆದ ಕಾಲ ಅದು. ಕೆಂಪರಾಜು ಆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತ.

ಅವನ ಕುತ್ತಿಗೆಯಲ್ಲಿ ಸದಾ ಒಂದು ಬಲ್ಬು ನೇತಾಡುತ್ತಿತ್ತು. ಹೋಲ್ಡರಿಗೆ ಎರಡು ತುಂಡು ವೈರು ಕಟ್ಟಿದ ಮಾಮೂಲಿ ಬಲ್ಬು. ಡಾಕ್ಟರು ಸ್ಟೆತಾಸ್ಕೋಪ್ ಹಾಕಿಕೊಳ್ಳುವ ಹಾಗೆ ಹಾಕಿಕೊಂಡು ಓಡಾಡುತ್ತಿದ್ದ. ಜನರೇಟರಿಗೆ ಆ ವೈರು ತಾಗಿಸಿ, ಒಂದು ಕಣ್ಣು ಕಿರಿದು ಮಾಡಿ ಬಲ್ಬಿನ ಬೆಳಕು ನೋಡಿ, "ವೋಲ್ಟೇಜ್ ಸರಿಯಾಗೈತೆ" ಎಂದರೆ ಮುಗಿಯಿತು. ಮೀಟರ್ ಇಟ್ಟು ನೋಡು ಮಾರಾಯ ಎಂದರೆ, "ಮೀಟ್ರು ಕಣ್ಣಿಲ್ದೋರ್ಗೆ ಕಣ್ಲಾ" ಅನ್ನುತ್ತಿದ್ದ. ಅವನ ಕಣ್ಣಿನ ಕಥೆ ಏನೆಂದರೆ, ಅವನು ಹುಟ್ಟಿ ಬೆಳೆದ ಹಳ್ಳಿಯಲ್ಲಿ ಸಂಜೆಯಾದರೆ ಬಲ್ಬು ಕೆಂಡದ ಹಾಗೆ ಕೆಂಪಗೆ ಉರಿಯುತ್ತಿತ್ತು. ಸ್ವಲ್ಪ ಹಳದಿಗೆ ತಿರುಗಿದರೆ ಊರಿಗೆಲ್ಲ ಸಂತೋಷ. ಆ ಹಳದಿಯೇ ಪೂರ್ತಿ ಕರೆಂಟು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಆಮೇಲೆ ಬಿಡದಿಯಲ್ಲಿ ಕಾರ್ಖಾನೆಗಳೆದ್ದವು, ಹೊಸ ಲೈನುಗಳು ಬಂದವು, ನಮ್ಮ ಬೀದಿಗೂ ಒಳ್ಳೆಯ ವೋಲ್ಟೇಜ್ ಸಿಕ್ಕಿ ಬಲ್ಬುಗಳು ಬೆಳ್ಳಗೆ ಉರಿದವು. ಈ ಮಹಾನುಭಾವ ಮನೆಮನೆಗೂ ಹೋಗಿ, "ಓವರ್ ವೋಲ್ಟೇಜ್ ಬತ್ತಾ ಐತೆ, ಟಿವಿ ಆಫ್ ಮಾಡ್ಕಳ್ರಪ್ಪ" ಎಂದು ಎಚ್ಚರಿಸಿ ಬಂದ. ಜನ ಆಫ್ ಮಾಡಿದರು. ಅವನ ಹೆಂಡತಿ ಲತಾಮಣಿಗೆ ಮಾತ್ರ ಬುದ್ಧಿ ಇತ್ತು. ಮನೆಯ ಮಿಕ್ಸಿ ಕೆಟ್ಟರೆ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಅಂಗಡಿಗೆ ತರುತ್ತಿದ್ದಳು.

ನಮ್ಮ ಕಸುಬಿನವರಲ್ಲಿ ಒಂದು ಕಟ್ಟು ಇದೆ. ಒಬ್ಬ ಮೆಕ್ಯಾನಿಕ್ ಬಿಚ್ಚಿದ ಮಿಷನ್ನಿಗೆ ಇನ್ನೊಬ್ಬ ಕೈ ಹಾಕುವಂತಿಲ್ಲ. ಮೊದಲನೆಯವನು ನಾಲ್ಕು ಜನರ ಮುಂದೆ 'ಬುಟ್ಟೆ', ಅಂದರೆ ಈ ಮಿಷನ್ ಕೈಬಿಟ್ಟೆ, ಅನ್ನಬೇಕು. ಆಮೇಲೆ ಬೇರೆಯವರು ಮುಟ್ಟಬಹುದು. ಅರ್ಧ ಕೆಲಸ ಮಾಡಿಸಿಕೊಂಡ ಮಾಲೀಕ ಇನ್ನೊಬ್ಬನ ಹತ್ತಿರ ಓಡಿಹೋಗದಿರಲಿ ಎಂದು ಹಿಂದಿನವರು ಮಾಡಿದ್ದು. ಇದನ್ನು ಮೀರಿದವನಿಗೆ ಲೇತ್ ಅಂಗಡಿಯವನು ಕೆಲಸ ಮಾಡಿಕೊಡುವುದಿಲ್ಲ, ಎಂಜಿನ್ ಎತ್ತಲು ಒಬ್ಬನೂ ಕೈಕೊಡುವುದಿಲ್ಲ. ನಾನು ಈ ಕಟ್ಟನ್ನು ಒಂದು ಸಲವೂ ಮೀರಿಲ್ಲ. ಕೆಂಪರಾಜುವಿನಂಥವರು ಇದರ ಬೆನ್ನ ಹಿಂದೆ ಅಡಗಿ ಬದುಕಿದರು ಎಂಬುದು ಬೇರೆ ಮಾತು.

ಖಲಂದರ್ ಚನ್ನಪಟ್ಟಣದ ಬೊಂಬೆ ಕೆಲಸದವನು. ಪ್ಲಾಸ್ಟಿಕ್ ಆಟಿಕೆಗಳು ಸಂತೆಗೆ ಬಂದು ಮರದ ಬೊಂಬೆ ಕೇಳುವವರು ಕಡಿಮೆಯಾದಾಗ ಅವನಿಗೆ ಹೊಸ ಯೋಚನೆ ಬಂತು. ಬಿಡದಿ ಕಾರ್ಖಾನೆಯವರು ಭಾನುವಾರ ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಲು ಜಾಗ ಹುಡುಕುತ್ತಿದ್ದರು. ಖಲಂದರ್ ಬೊಂಬೆ ಕಡೆಯುವ ತನ್ನ ಲೇತುಗಳನ್ನೆಲ್ಲ ಮಾರಿ, ಒಂದು ಹಳೆಯ ಮರದ ದೋಣಿ ತಂದು ಕಣ್ವ ಜಲಾಶಯಕ್ಕೆ ಇಳಿಸಿದ. ಬೊಂಬೆಗೆ ಬಳಿಯುವಂಥ ಕೆಂಪು, ಹಳದಿ, ಹಸಿರು ಬಣ್ಣ ಬಳಿದ. ಮೇಲೆ ಚಪ್ಪರ, ಫ್ಯಾನು, ಮೈಕ್ ಸೆಟ್ಟು, ತಂಪು ಪಾನೀಯಕ್ಕೊಂದು ಫ್ರಿಜ್ಜು. ಹಿಂದುಗಡೆ ಇವಕ್ಕೆಲ್ಲ ಕರೆಂಟು ಕೊಡುವ ಡೀಸೆಲ್ ಜನರೇಟರ್. ಹಳೆಯ ಮರವಾದ್ದರಿಂದ ತಳದಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಎತ್ತಿ ಹೊರಗೆ ಹಾಕಲು ಒಂದು ಸಣ್ಣ ಪಂಪು ಇಟ್ಟಿದ್ದ. ಪಂಪು ನಡೆದರೆ ದೋಣಿ ತೇಲುತ್ತದೆ, ನಿಂತರೆ ಇಲ್ಲ. ಲೆಕ್ಕ ಅಷ್ಟು ಸುಲಭವಾಗಿತ್ತು.

ಒಂದು ಕಾರ್ಖಾನೆಯವರು ಒಪ್ಪಿದರು. ಒಂದು ಭಾನುವಾರ ಬಂದು ನೋಡುತ್ತೇವೆ, ಚೆನ್ನಾಗಿದ್ದರೆ ಪ್ರತಿ ಭಾನುವಾರ ಒಂದೊಂದು ವಿಭಾಗದವರನ್ನು ಕಳಿಸುತ್ತೇವೆ ಎಂದರು. ಖಲಂದರ್‌ಗೆ ಬೇರೆ ದಾರಿ ಇರಲಿಲ್ಲ. ಮತ್ತೆ ಬೊಂಬೆ ಮಾಡೋಣ ಎಂದರೂ ಮನೆಯಲ್ಲಿ ಲೇತ್ ಇರಲಿಲ್ಲ.

ಆ ಭಾನುವಾರಕ್ಕೆ ಕೆಲವೇ ದಿನ ಇರುವಾಗ ದೋಣಿಯ ಫ್ಯಾನು ಸುಸ್ತಾಗಿ ತಿರುಗತೊಡಗಿತು. ಪಂಪು ಗುಂಯ್ ಎಂದು ಗೊಣಗುತ್ತಿತ್ತೇ ಹೊರತು ನೀರು ಎತ್ತುತ್ತಿರಲಿಲ್ಲ. ಖಲಂದರ್ ಕೆಂಪರಾಜುವನ್ನು ಕರೆಸಿದ. ತನ್ನ ಮಗಳ ಮದುವೆಗೆ ಜನರೇಟರ್ ನಡೆಸಿಕೊಟ್ಟವನು ಎಂಬ ಅಭಿಮಾನ. ಕೆಂಪರಾಜು ಜನರೇಟರಿನ ಕವರ್ ಬಿಚ್ಚಿದ, ಏನೋ ಒರೆಸಿದ, ಮುಚ್ಚಿದ, ಬಲ್ಬು ತಾಗಿಸಿದ. ಬಲ್ಬು ಹಳದಿಯಾಗಿ ಉರಿಯಿತು. "ಜನರೇಟ್ರು ಸರಿಯಾಗೈತೆ ಸಾಬ್ರೆ, ನಿಮ್ ಪಂಪೇ ಜಾಮ್ ಆಗೈತೆ" ಎಂದು ಹೇಳಿ ಊಟ ಮಾಡಿಕೊಂಡು ಹೊರಟ.

ಖಲಂದರ್ ದೋಣಿಯನ್ನು ದಡಕ್ಕೆ ಎಳೆಸಿಟ್ಟು, ಪಂಪು ಹೊತ್ತು ನನ್ನ ಅಂಗಡಿಗೆ ಬಂದ. ಪಂಪಿನಲ್ಲಿ ಒಂದು ದೋಷವೂ ಇರಲಿಲ್ಲ. ಅನುಮಾನ ಬಂದು ಮೀಟರ್ ಹಿಡಿದು ಅವನ ಜೊತೆ ಕಣ್ವಕ್ಕೆ ಹೋದೆ. ಮೊದಲು ಎಂಜಿನ್ ಓಡುವ ವೇಗ ನೋಡಿದೆ, ಸರಿ ಇತ್ತು. ಫ್ಯಾನು, ಫ್ರಿಜ್ಜು, ಮೈಕು ಎಲ್ಲದರ ವೈರು ತೆಗೆಸಿ ಬರೀ ಜನರೇಟರ್ ಓಡಿಸಿದೆ. ಆಗಲೂ ಮೀಟರ್ ನೂರ ಎಪ್ಪತ್ತು ವೋಲ್ಟ್ ದಾಟಲಿಲ್ಲ. ಬೇಕಾದದ್ದು ಇನ್ನೂರ ಮೂವತ್ತು. ಕವರಿನ ಸಂದಿಯಲ್ಲಿ ಕಣ್ಣಿಟ್ಟರೆ, ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಕಿಡಿ ಕಾರುತ್ತಿರುವುದು ಕಾಣುತ್ತಿತ್ತು. ಸವೆದು ಉಗುರಿನಷ್ಟಾಗಿತ್ತು. ಹೊಸ ಬ್ರಷ್ ಹಾಕಿ, ಅದು ಉಜ್ಜುವ ರಿಂಗನ್ನು ಒರೆಸಿದರೆ ಮುಗಿಯಿತು. ಒಂದು ಟೀ ಕುಡಿಯುವ ಹೊತ್ತಿನ ಕೆಲಸ.

"ಹಂಗಾದ್ರೆ ಮಾಡ್ಬುಡಿ ನರಸಯ್ಯನೋರೆ" ಎಂದ ಖಲಂದರ್.

"ಇದು ಕೆಂಪರಾಜು ಬಿಚ್ಚಿರೋದು. ಅವನು ಬುಟ್ಟೆ ಅಂತ ಹೇಳ್ಲಿ, ಈಗ್ಲೇ ಮಾಡ್ತೀನಿ" ಎಂದೆ.

ಮರುದಿನ ಕೆಂಪರಾಜುವಿನ ಅಂಗಡಿ ಮುಂದೆ ಟೀ ಕುಡಿಯುತ್ತಿದ್ದವರೆಲ್ಲ ನೋಡುತ್ತಿರುವಾಗ ಖಲಂದರ್ ಕೈಜೋಡಿಸಿ ನಿಂತ. "ಕೆಂಪರಾಜಣ್ಣ, ನಿಮ್ ಮೇಲೆ ನಂಗೇನೂ ಬೇಜಾರಿಲ್ಲ. ಅದೊಂದು ಮಾತು ಹೇಳ್ಬುಡಿ. ಭಾನುವಾರ ಕಂಪನಿಯೋರು ಬತ್ತಾರೆ" ಎಂದ.

"ನಾನ್ಯಾಕ್ ಬುಡ್ಲಿ ಸಾಬ್ರೆ? ಕೆಟ್ಟೋಗಿದ್ರೆ ತಾನೇ ಬುಡೋದು? ನನ್ ಕಣ್ಣಾರೆ ನೋಡಿವ್ನಿ, ಕರೆಂಟು ಭರ್ತಿ ಐತೆ."

ನಾನು ಮೀಟರನ್ನು ಅವನ ಮೂಗಿನ ಮುಂದೆ ಹಿಡಿದೆ. "ದೋಣಿ ಮೇಲೆ ನೂರೆಪ್ಪತ್ತು ತೋರಿಸ್ತು ಕಣ್ಲಾ. ಬ್ರಷ್ ಸವೆದೋಗೈತೆ."

ಕೆಂಪರಾಜು ಮೀಟರನ್ನು ತಿರುಗಿಸಿ ಹಿಂಭಾಗ ನೋಡಿದ. "ಚೈನಾ ಮಾಲು" ಎಂದು ವಾಪಸು ಕೊಟ್ಟ. ಟೀ ಕುಡಿಯುತ್ತಿದ್ದವರು ನಕ್ಕರು. ಇಪ್ಪತ್ತು ವರ್ಷದಿಂದ ತಪ್ಪು ಹೇಳುತ್ತಿದ್ದರೂ ಅವನು ನಗಿಸುತ್ತಾನೆ ಎನ್ನುವ ಒಂದೇ ಕಾರಣಕ್ಕೆ ಈ ಊರು ಅವನನ್ನು ತಲೆಯ ಮೇಲೆ ಕೂರಿಸಿಕೊಂಡಿತ್ತು. ನನಗೆ ಅವನಿಗಿಂತ ಆ ನಕ್ಕವರನ್ನು ಕಂಡೇ ಹೆಚ್ಚು ಹೇಸಿಗೆಯಾಯಿತು.

ಶನಿವಾರ ಅವನೇ ದೊಡ್ಡ ಮನಸ್ಸು ಮಾಡಿ ದೋಣಿಗೆ ಹೋದ. ಬ್ರಷ್ ಕಡೆ ತಿರುಗಿಯೂ ನೋಡದೆ ಎಂಜಿನ್ನಿನ ವೇಗ ಏರಿಸಿದ. ಎಂಜಿನ್ ಅರಚಿಕೊಂಡಿತು, ಬಲ್ಬು ಸ್ವಲ್ಪ ಹೆಚ್ಚು ಬೆಳಗಿತು, ಪಂಪು ನೀರೆತ್ತಿತು. ಖಲಂದರ್ ಅವನ ಎರಡೂ ಕೈ ಹಿಡಿದುಕೊಂಡ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ವೋಲ್ಟೇಜ್ ಮತ್ತೆ ಬಿದ್ದುಹೋಗುತ್ತದೆ ಎಂದು ಜೊತೆಗೆ ಹೋಗಿದ್ದ ನಾನು ಹೇಳಿದೆ. ಕಣ್ಣೆದುರಿಗೆ ನೀರು ಚಿಮ್ಮುತ್ತಿರುವಾಗ ನನ್ನ ಮಾತು ಯಾರಿಗೆ ಬೇಕಿತ್ತು.

ಭಾನುವಾರ ಖಲಂದರ್ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದ. ಕೆಂಪರಾಜು ಇಸ್ತ್ರಿ ಅಂಗಿ ತೊಟ್ಟು, ಅದರ ಮೇಲೆ ಬಲ್ಬು ಹಾಕಿಕೊಂಡು, ಕಾರ್ಖಾನೆಯ ಮ್ಯಾನೇಜರ್ ಪಕ್ಕದಲ್ಲಿ ಕೂತಿದ್ದ. ಖಲಂದರನ ಹೆಂಡತಿ ಜಹೀದಾ ಬೆಳಗಿನಿಂದ ಮಾಡಿದ ಬಿರಿಯಾನಿಯ ಪಾತ್ರೆ ನಡುವೆ ಇತ್ತು. ದೋಣಿ ನಡುನೀರಿಗೆ ಹೋಯಿತು. ಮೈಕು ಹಾಕಿದರು, ಫ್ಯಾನುಗಳೆಲ್ಲ ತಿರುಗಿದವು, ಫ್ರಿಜ್ಜು ನಡುಗಿ ಶುರುವಾಯಿತು. ಹಾಡು ಎಳೆದೆಳೆದು ಬರತೊಡಗಿತು. ಹಲಗೆಯ ಕೆಳಗಿನಿಂದ ಪಂಪಿನ ಗೊಣಗಾಟ ಕೇಳಿತು, ಆಮೇಲೆ ಮೋಟರ್ ವೈಂಡಿಂಗಿನ ವಾರ್ನಿಷ್ ಸುಟ್ಟ ವಾಸನೆ. ಆ ವಾಸನೆ ನನ್ನ ಅನ್ನದ ವಾಸನೆ, ನನಗೆ ತಪ್ಪುವುದಿಲ್ಲ. ಪಂಪಿನ ಮೋಟರ್ ಹೋಯಿತು ಎಂದು ಕೂಗಿದೆ. ಕೆಂಪರಾಜು ನಿಧಾನವಾಗಿ ಎದ್ದು ಬಲ್ಬು ತಾಗಿಸಲು ಹೊರಟ. ಅಷ್ಟರಲ್ಲಿ ಅಷ್ಟೊಂದು ಜನರ ಭಾರಕ್ಕೆ ತಳದ ಸಂದುಗಳು ಬಾಯಿಬಿಟ್ಟು ನೀರು ಹಲಗೆಯ ಮೇಲೆ ಬಂತು.

ಖಲಂದರ್ ತಡಮಾಡಲಿಲ್ಲ, ದೋಣಿಯನ್ನು ದಡಕ್ಕೆ ತಿರುಗಿಸಿದ. ದಡ ಹತ್ತಿರವಾಗುವ ಹೊತ್ತಿಗೆ ಎಲ್ಲರ ಮೊಣಕಾಲವರೆಗೆ ನೀರಿತ್ತು. ಸೊಂಟದಷ್ಟು ನೀರಿನಲ್ಲಿ ಇಳಿದು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆದರು. ಯಾರಿಗೂ ಏನೂ ಆಗಲಿಲ್ಲ. ಮ್ಯಾನೇಜರ್ ಪ್ಯಾಂಟು ಹಿಂಡಿಕೊಂಡು ಬಸ್ ಹತ್ತಿದ. ಆ ಬಸ್ಸಿನಲ್ಲೇ ಎಲ್ಲ ಭಾನುವಾರಗಳೂ ಹೋದವು. ಜನ ಇಳಿದು ಹಗುರಾದ ದೋಣಿ ಒಂದು ಗಳಿಗೆ ಅಲ್ಲೇ ನಿಂತು, ಇಳಿಜಾರಿನಲ್ಲಿ ಹಿಂದಕ್ಕೆ ಜಾರಿತು. ಜನರೇಟರ್ ಮೊದಲು ಮುಳುಗಿತು. ಕೊನೆಗೆ ಚಪ್ಪರದ ಕೆಂಪು ಅಂಚಷ್ಟೇ ನೀರಿನ ಮೇಲೆ ಉಳಿಯಿತು. ಜಹೀದಾ ಸೌಟು ಹಿಡಿದುಕೊಂಡೇ ನಿಂತಿದ್ದಳು. ಖಲಂದರ್ ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ.

ಕೆಂಪರಾಜು ತೊಯ್ದ ಅಂಗಿಯಲ್ಲಿ ನಮ್ಮ ಹತ್ತಿರ ಬಂದ. ನೀರಿನ ಕಡೆ ಒಂದು ಸಲ ನೋಡಿ, ಅಲ್ಲಿದ್ದ ಹತ್ತಾರು ಜನಕ್ಕೆ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡ.

"ಆಯ್ತು ಕಣ್ಲಾ ನರಸಯ್ಯ. ಅಷ್ಟೊಂದು ಆಸೆ ಪಡ್ತಿದ್ದೀಯ. ನಾನು ಬುಟ್ಟೆ."

ಖಲಂದರ್ ತಲೆ ಎತ್ತಿ ಅವನನ್ನಲ್ಲ, ನನ್ನನ್ನು ನೋಡುತ್ತಿದ್ದ.

"ಈಗ ನೀವು ಮುಟ್ಬೋದಲ್ವಾ ನರಸಯ್ಯನೋರೆ?" ಎಂದ.

ಅವನ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.