ಮಂದಾಕಿನಿಯ ‘ಇಲ್ಲದಿದ್ದರೆ’

ನಲವತ್ತೆರಡನೆಯ ವಯಸ್ಸಿಗೆ ಕಂಪ್ಯೂಟರ್ ಕಲಿಯಲು ಹೋದವಳು ನಾನು, ಅಂಕೋಲೆಯ ಶಾಲೆಯೊಂದರ ಗುಮಾಸ್ತೆ. ಕಲಿಯದಿದ್ದರೆ ಬಡ್ತಿ ಇಲ್ಲ ಅಂದರು, ಹೋದೆ. ಕಲಿಸುವವಳು ಮಂದಾಕಿನಿ, ಕಾರವಾರದ ಕೋಡಿಬಾಗದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. 2005ರ ಮಾತು. ಆಗ ನಡೆದಿದ್ದದ್ದು ಎಕ್ಸೆಲ್ ಲೆಕ್ಕದ ಹಾಳೆಯಲ್ಲಿ ಸೂತ್ರ ಬರೆಯುವ ಪಾಠ.

“ಇಫ್ ಅಂದ್ರೆ ನಮ್ಮ ‘ರೆ’, ಜಾನಕಕ್ಕಾ. ಮಳೆ ಬಂದರೆ ಕೊಡೆ. ಇಲ್ಲದಿದ್ದರೆ ಎಂತ ಅಂತಲೂ ಹೇಳ್ಬೇಕು. ಹೇಳದಿದ್ರೆ, ಮಳೆ ಬಾರದಾಗ ಅದು ಫಾಲ್ಸ್, ಸುಳ್ಳು ಅಂತ ತೋರಿಸ್ತದೆ.” ಆ್ಯಂಡ್ ಹಾಕಿದರೆ ಎರಡು ಷರತ್ತೂ ಕೂಡಿಬರಬೇಕು, ಆರ್ ಹಾಕಿದರೆ ಒಂದಾದರೂ ಸಾಕು. ಇಷ್ಟು ನನ್ನ ಮಂಡೆಗೆ ಹೋಗಲು ವಾರ ಹಿಡಿಯಿತು.

ಒಂದು ದಿನ ಕ್ಲಾಸಿನಲ್ಲಿ ಅವಳು ಕೂರುವ ಕಂಪ್ಯೂಟರಿನಲ್ಲಿ ‘ಮಧುಕರ’ ಎಂಬ ಹಾಳೆ ತೆರೆದೇ ಇತ್ತು. ಮಧುಕರ ಅವಳ ಪಕ್ಕದ ಮನೆಯವನು, ಹಡಗಿನ ಕೆಲಸ. ಹೋಗುವಾಗ, “ಮುಂದಿನ ಸಲ ಊರಿಗೆ ಬಂದ್ರೆ ನಿನ್ನ ಆಯಿ ಹತ್ರ ಕೇಳ್ತೇನೆ” ಅಂದಿದ್ದನಂತೆ. ಆಮೇಲೆ ರಜೆ ಸಿಕ್ಕಿದರೂ ಮುಂಬೈಯ ಅಣ್ಣನ ಮನೆಯಲ್ಲೇ ಕಳೆದ. ಅವನ ಆ ಒಂದು ‘ರೆ’ ಹಿಡಿದುಕೊಂಡು ಇವಳು ನಾಲ್ಕು ವರ್ಷ ಕೂತಿದ್ದಳು. ಹಾಳೆಯಲ್ಲಿ ವರ್ಷಕ್ಕೊಂದು ಸಾಲು. ಬಂದನೇ, ಕೇಳಿದನೇ ಎಂದು ಎರಡು ಕಾಲಂ. ಎರಡೂ ಹೌದಾದರೆ ‘ಮದುವೆ’ ಎಂದು ಸೂತ್ರ. ಕೆಳಗೆ ಸಾಲಾಗಿ ಫಾಲ್ಸ್, ಫಾಲ್ಸ್. ನನಗೆ ಸಿಟ್ಟೇ ಬಂತು.

“ನಮಗೆ ಪಾಠ ಹೇಳ್ತೀ. ನಿಂದೇ ‘ಇಲ್ಲದಿದ್ದರೆ’ ಖಾಲಿ ಬಿಟ್ಟಿದ್ದೀಯಲ್ಲೇ?”

“ಇಲ್ಲದಿದ್ರೆ ಎಂತ ಅಂತ ನನಗೇ ಗೊತ್ತಿಲ್ಲ ಅಕ್ಕಾ.”

ಆಗಲೇ ಕಿನ್ನರ ಊರಿನ ವಿಕಾಸನ ಸಂಬಂಧ ಬಂದಿತ್ತು, ಕೈಗಾದಲ್ಲಿ ನೌಕರಿ. ಚೌತಿ ಮುಗಿಯುವವರೆಗೆ ತಡೆಯಿರಿ ಎಂದು ಇವಳೇ ಹೇಳಿಸಿದ್ದಳು. ಆ ಚೌತಿಗೆ ಮಧುಕರ ಬಂದೇ ಬಂದ. ಇಪ್ಪತ್ತು ದಿನ ಇದ್ದ. ಇವಳ ಮನೆಗೆ ಬಂದು ಚಕ್ಕುಲಿ ತಿಂದ, ತಾಯಿಯ ಮೊಣಕಾಲು ನೋವು ವಿಚಾರಿಸಿದ, ಹೋದ.

“ಆರ್ ಹಾಕೇ ಮಾರಾಯ್ತಿ, ಒಂದಾದ್ರೂ ಆಯ್ತಲ್ಲ” ಎಂದೆ, ನಗಿಸಲು ಹೋಗಿ. ಹಾಕಿಯೇ ಬಿಟ್ಟಳು. ‘ಮದುವೆ’ ಎಂದು ಬಂತು. ತುಂಬ ಹೊತ್ತು ಅದನ್ನೇ ನೋಡಿದಳು. ನನ್ನ ನಾಲಗೆಗೆ ಬೆಂಕಿ ಬೀಳಲಿ ಅನ್ನಿಸಿತು.

“ಮದುವೆ ಅಂತ ನಾನೊಬ್ಬಳೇ ಹೇಳಿಕೊಂಡ್ರೆ ಆಗ್ತದಾ?” ಎಂದು ಮತ್ತೆ ಆ್ಯಂಡ್ ಮಾಡಿದಳು.

ಕಿನ್ನರದ ಸಂಬಂಧಕ್ಕೆ ಹೂಂ ಅಂದಳು. ಕ್ಲಾಸಿನ ಕೊನೆಯ ದಿನ, “ಆ ಹಾಳೆ ಅಳಿಸಿಬಿಡೇ” ಎಂದೆ. ಅಳಿಸಲಿಲ್ಲ. ಸೂತ್ರದಲ್ಲಿ ‘ಇಲ್ಲದಿದ್ದರೆ’ಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಉದ್ಧರಣ ಚಿಹ್ನೆ ತೆರೆದು, ಒಳಗೆ ಏನೂ ಬರೆಯದೆ ಮುಚ್ಚಿದಳು. ಫಾಲ್ಸ್‌ಗಳೆಲ್ಲ ಮಾಯ.

“ಹೀಗಿಟ್ರೆ ಎಂತದೂ ಕಾಣುದಿಲ್ಲ ಅಕ್ಕಾ. ಸೂತ್ರ ಮಾತ್ರ ಒಳಗೆ ಇರ್ತದೆ.”

ಮೂರು ವರ್ಷದ ಮೇಲೆ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಸೊಂಟದಲ್ಲಿ ಮಗಳು, ಮೈಕೈ ತುಂಬಿಕೊಂಡು ಚೆನ್ನಾಗಿದ್ದಳು. ವಿಕಾಸ ಒಳ್ಳೆಯವನು ಎಂದಳು, ನಿಜವೇ ಇರಬೇಕು. ಬಸ್ಸು ಬಂತು. ಹತ್ತಿದವಳು ಕಿಟಕಿಯಿಂದ ಬಗ್ಗಿ ಕೇಳಿದಳು:

“ಆ ಹಾಳೆ ಯಾರೂ ಅಳಿಸಲಿಲ್ಲ ಅಲ್ದಾ?”